ನಷ್ಟ ಒಂದು ಮನೆಗೆ, ಲಾಭ ಇನ್ನೊಂದು ಮನೆಗೆ: ಕಾಡಂಚಿನ ಹಳ್ಳಿಗಳ ಸಿಟ್ಟಿನ ಲೆಕ್ಕ

2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ರೈತರು ಅರಣ್ಯ ಸಿಬ್ಬಂದಿಯನ್ನು ಬೋನಿನೊಳಗೆ ಕೂಡಿಹಾಕಿದರು. ಹುಲಿ ಹಿಡಿಯಲು ತಂದಿಟ್ಟಿದ್ದ ಬೋನು ಅದು. ದನ ಹಿಡಿಯುತ್ತಿರುವ ಹುಲಿಯನ್ನು ಸೆರೆಹಿಡಿಯಿರಿ ಎಂದು ಎಷ್ಟು ಸಲ ಹೇಳಿದರೂ ಕೆಲಸ ಆಗುತ್ತಿಲ್ಲ ಎಂಬ ಸಿಟ್ಟು ಅವರದು. ವಿಡಿಯೊ ಎಲ್ಲ ಕಡೆ ಓಡಾಡಿತು. ನಕ್ಕವರೇ ಜಾಸ್ತಿ.

ಅದೇ ವರ್ಷ ಜೂನ್ ಕೊನೆಯಲ್ಲಿ ನಡೆದದ್ದು ನಗುವ ಸುದ್ದಿಯಾಗಿರಲಿಲ್ಲ. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತು ಬಿದ್ದಿದ್ದವು. ಸತ್ತ ಹಸುವಿನ ಮೈಗೆ ವಿಷ ಹಾಕಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು. ಹಸು ಕಳೆದುಕೊಂಡ ಸಿಟ್ಟಿಗೆ ಮಾಡಿದ ಕೆಲಸ. ಹುಲಿ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಎರಡು ಮೂರು ದಿನ ಅದೇ ಜಾಗಕ್ಕೆ ಬಂದು ತಿನ್ನುತ್ತದೆ. ಇದು ಕಾಡಂಚಿನ ದನಗಾಹಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಹುಲಿ ಕೊಲ್ಲಲು ಬಂದೂಕು ಬೇಕಿಲ್ಲ, ಹೊಲಕ್ಕೆ ಹೊಡೆಯುವ ಔಷಧಿಯೇ ಸಾಕು.

ಹಾಗೆಂದು ಈ ಸೀಮೆಯ ಊರುಗಳಿಗೆ ಯಾರೂ ಏನೂ ಮಾಡಿಲ್ಲ ಅಂತೇನಿಲ್ಲ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟದ ಸುತ್ತ ಎಷ್ಟೊಂದು ಸಂಘ ಸಂಸ್ಥೆಗಳಿವೆ. ಆರೋಗ್ಯ ಶಿಬಿರ, ಶಾಲೆ ಮಕ್ಕಳಿಗೆ ಪುಸ್ತಕ, ಗ್ಯಾಸ್ ಸಿಲಿಂಡರ್, ಸೋಲಾರ್ ದೀಪ, ಹೊಲಿಗೆ ತರಬೇತಿ ಎಲ್ಲವೂ ನಡೆಯುತ್ತವೆ. ಇಲಾಖೆಯೂ ತನ್ನ ಪಾಲಿನದು ಮಾಡುತ್ತದೆ. ಹಾಗಾದರೆ ಸಿಟ್ಟು ಯಾಕೆ ಇಳಿಯಲಿಲ್ಲ?

ನನಗೆ ಕಾಣುವ ಕಾರಣ ಒಂದೇ. ಕಾಡುಪ್ರಾಣಿಯಿಂದ ಆಗುವ ನಷ್ಟ ಊರಿಗೆ ಆಗುವುದಿಲ್ಲ, ಒಂದು ಮನೆಗೆ ಆಗುತ್ತದೆ. ಸಂರಕ್ಷಣೆಯಿಂದ ಬರುವ ಲಾಭ ಬರುವುದು ಬೇರೆ ಮನೆಗೆ. ಆನೆ ತುಳಿದದ್ದು ಕಾಡಿಗೆ ಅಂಟಿಕೊಂಡ ಎರಡು ಎಕರೆಯ ರಾಗಿ ಹೊಲವನ್ನು. ರೆಸಾರ್ಟಿನಲ್ಲಿ ಕೆಲಸ ಸಿಕ್ಕಿದ್ದು ಟಾರು ರಸ್ತೆ ಪಕ್ಕದ ಮನೆಯ, ಹತ್ತನೇ ಕ್ಲಾಸು ದಾಟಿದ ಹುಡುಗನಿಗೆ. ಆರೋಗ್ಯ ಶಿಬಿರ ನಡೆದದ್ದು ಊರಿಗೆಲ್ಲ. 'ಗ್ರಾಮಕ್ಕೆ ಅನುಕೂಲವಾಗಿದೆ' ಎಂದು ವರದಿ ಬರೆಯುವಾಗ ಮೂರೂ ಸೇರಿಬಿಡುತ್ತವೆ. ಆ ರಾಗಿ ಹೊಲದ ಮನೆಯಲ್ಲಿ ಸೇರುವುದಿಲ್ಲ.

ಕಾಡಂಚಿನ ಹಳ್ಳಿ ಎಂದರೆ ಅಲ್ಲಿರುವವರೆಲ್ಲ ಬಡವರು, ಎಲ್ಲರೂ ಕಾಡನ್ನೇ ನಂಬಿದವರು ಎಂದು ದೂರದಲ್ಲಿರುವವರು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಒಂದೇ ಊರಿನಲ್ಲಿ ಬೋರ್‌ವೆಲ್ ಹಾಕಿಸಿ ಅರಿಶಿನ, ಟೊಮೆಟೊ ಬೆಳೆಯುವ ದೊಡ್ಡ ಹಿಡುವಳಿದಾರರು ಇರುತ್ತಾರೆ. ಮಳೆ ನಂಬಿ ಹುರುಳಿ ಹಾಕುವವರು ಇರುತ್ತಾರೆ. ಜಮೀನೇ ಇಲ್ಲದೆ ನಾಲ್ಕು ದನ ಕಟ್ಟಿಕೊಂಡವರೂ ಇರುತ್ತಾರೆ. ಪಕ್ಕದ ಆದಿವಾಸಿ ಹಾಡಿಯಲ್ಲಿ ಜೇನುಕುರುಬರು ಇರುತ್ತಾರೆ. ಒಬ್ಬೊಬ್ಬರಿಗೂ ಕಾಡಿನ ಜೊತೆ ಇರುವ ಲೆಕ್ಕಾಚಾರ ಬೇರೆ ಬೇರೆ.

ದನದ ವಿಷಯವನ್ನೇ ನೋಡಿ. ಬಂಡೀಪುರದ ಅಂಚಿನ ಹಂಗಳ ಭಾಗದಲ್ಲಿ 1990ರ ದಶಕದಲ್ಲಿ ಒಂದು ವಿಚಿತ್ರ ಬದಲಾವಣೆ ಆಯಿತು. ಕಾಫಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ ಬಂತು. ತೋಟದವರಿಗೆ ಕೊಟ್ಟಿಗೆ ಗೊಬ್ಬರ ಬೇಕಾಯಿತು. ಅದುವರೆಗೆ ಸ್ವಂತ ಹೊಲಕ್ಕೆ ಹೋಗುತ್ತಿದ್ದ ಸಗಣಿ ಲಾರಿ ಹತ್ತಿ ಕಾಫಿ ಸೀಮೆಗೆ ಹೊರಟಿತು. ಆಗ ಹಾಲು ಕೊಡದ, ಉಳುಮೆಗೆ ಬಾರದ ದನವನ್ನೂ ಸಗಣಿಗಾಗಿಯೇ ಸಾಕುವುದು ಲಾಭದ ಕೆಲಸ ಆಯಿತು. ಅಷ್ಟು ದನಕ್ಕೆ ಮೇವು? ಕಾಡಿನಲ್ಲೇ. ಸಂಶೋಧಕ ಎಂ.ಡಿ. ಮಧುಸೂದನ್ ಇದನ್ನು ಅಧ್ಯಯನ ಮಾಡಿ 2005ರಲ್ಲಿ ಬರೆದರು. ಹುಲಿ ಕಾಡಿನ ಮೇವಿನ ಮೇಲಿನ ಒತ್ತಡಕ್ಕೂ ಕಾಫಿ ಮಾರುಕಟ್ಟೆಯ ಏರಿಳಿತಕ್ಕೂ ಸಂಬಂಧ ಇದೆ ಎಂದು ಅಲ್ಲಿಯವರೆಗೆ ಯಾರು ಯೋಚಿಸಿದ್ದರು?

ನಾನು ಈ ಉದಾಹರಣೆಯನ್ನು ಸುಮ್ನೆ ಎತ್ತಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಆ ಊರಿಗೆ ಹೋಗಿ 'ಕಾಡು ಉಳಿಸಿ' ಎಂದು ಶಿಬಿರ ಮಾಡಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಜನ ಕಾಡಿಗೆ ದನ ಬಿಟ್ಟದ್ದು ತಿಳಿವಳಿಕೆ ಇಲ್ಲದೆ ಅಲ್ಲ, ಲೆಕ್ಕ ಗೊತ್ತಿದ್ದೇ. ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ದನದ ದೊಡ್ಡಿಗಳ ಪ್ರಶ್ನೆಯೂ ಇಂಥದ್ದೇ. ಅಲ್ಲಿ ಮೇಯುವ ದನಗಳೆಲ್ಲ ಅಲ್ಲಿಯವರದ್ದೇ ಅಲ್ಲ, ಬೇರೆಯವರ ದನ ಮೇಯಿಸಿಕೊಟ್ಟು ಸಗಣಿಯಿಂದ ಹಣ ಮಾಡುವ ಪದ್ಧತಿಯೂ ಇದೆ. ಹುಲಿಗಳು ಸತ್ತ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸುವ ಮಾತು ಸರ್ಕಾರದಿಂದ ಬಂತು. ರೈತ ಸಂಘಟನೆಗಳು ವಿರೋಧಿಸಿದವು. ಇಬ್ಬರೂ ದನಗಾಹಿಯ ಹೆಸರಿನಲ್ಲಿ ಮಾತಾಡಿದರು. ದಿನಕ್ಕೆ ಇಷ್ಟು ಎಂದು ಕೂಲಿಗೆ ದನ ಕಾಯುವವನಿಗೆ ಬೇರೆ ಏನು ಕೆಲಸ ಇದೆ ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿಯಿತು.

ಈಗ ಪರಿಹಾರಕ್ಕೆ ಬರೋಣ. ಇಡೀ ವಿಷಯದಲ್ಲಿ ನೇರವಾಗಿ ನಷ್ಟವಾದ ಮನೆಗೇ ಮುಟ್ಟುವುದು ಇದೊಂದೇ.

ಬೆಳೆ ಹಾಳಾದರೆ, ದನ ಸತ್ತರೆ, ಜನರಿಗೆ ಪೆಟ್ಟಾದರೆ ಅಥವಾ ಜೀವ ಹೋದರೆ ಕರ್ನಾಟಕ ಸರ್ಕಾರ ಪರಿಹಾರ ಕೊಡುತ್ತದೆ. ಅರ್ಜಿಗೆ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬೆಳೆ ಪರಿಹಾರಕ್ಕೆ ಪಹಣಿ ಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರುವುದಿಲ್ಲ. ಪಾಲಿಗೆ, ಗುತ್ತಿಗೆಗೆ ಹೊಲ ಮಾಡಿದವರ ಹೆಸರಂತೂ ಅದರಲ್ಲಿ ಇರುವುದೇ ಇಲ್ಲ. ಬೆಳೆ ಹೋದದ್ದು ಅವರದು, ದಾಖಲೆ ಮಾಲೀಕರದು. ದನ ಸತ್ತರೆ ಸಿಬ್ಬಂದಿ ಬಂದು ನೋಡಬೇಕು, ಪಶುವೈದ್ಯರ ವರದಿ ಬೇಕು. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವುದೇ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಹಾಗಾಗಿ ಒಳಗೆ ಹುಲಿ ಹಿಡಿದ ದನಕ್ಕೆ ಪರಿಹಾರ ಕೇಳಲು ಮಾಲೀಕ ಹೆದರುತ್ತಾನೆ. ಕೇಳಿದರೆ ಪರಿಹಾರದ ಬದಲು ಕೇಸು ಬಿದ್ದೀತು ಅಂತ. ವಿಷ ಬೀಳುವ ಜಾಗ ಇದು. ಹೇಳಿಕೊಳ್ಳಲಾಗದ ನಷ್ಟವೇ ಹುಲಿಗೆ ಅಪಾಯ.

ಇನ್ನೂ ಲೆಕ್ಕಕ್ಕೇ ಬರದ ನಷ್ಟಗಳಿವೆ. ಕೊಯ್ಲು ಹತ್ತಿರ ಬಂದಾಗ ತಿಂಗಳುಗಟ್ಟಲೆ ರಾತ್ರಿ ಅಟ್ಟಣೆ ಮೇಲೆ ಕಾವಲು ಕೂರಬೇಕು. ನಿದ್ದೆ ಇಲ್ಲ, ಮರುದಿನ ಕೂಲಿಗೆ ಹೋಗಲಾಗುವುದಿಲ್ಲ. ಕತ್ತಲಾಗುವ ಮುಂಚೆ ಮಕ್ಕಳು ಶಾಲೆಯಿಂದ ಮನೆ ಸೇರಬೇಕು. ಆನೆ ಬರುತ್ತದೆಂದು ಹಲಸಿನ ಮರ ಕಡಿಸಿಬಿಡುತ್ತಾರೆ. ಕೆಲವರು ಹೊಲವನ್ನೇ ಬೀಳು ಬಿಡುತ್ತಾರೆ. ಬೀಳು ಬಿಟ್ಟ ಹೊಲಕ್ಕೆ ಯಾವ ಅರ್ಜಿ ಹಾಕುವುದು?

ಸಂಸ್ಥೆಗಳು ನಿಜವಾಗಿ ಕೆಲಸ ಮಾಡಿರುವುದು ಈ ಸಂದುಗಳಲ್ಲೇ. ಬಂಡೀಪುರದ ಅಂಚಿನ ಮಾರಿಯಮ್ಮ ಚಾರಿಟಬಲ್ ಟ್ರಸ್ಟ್ ಹುಲಿ, ಚಿರತೆ ಕೊಂದ ದನಕ್ಕೆ ಸರ್ಕಾರದ ಹಣ ಬರುವ ಮುಂಚೆಯೇ ಒಂದು ಮೊತ್ತ ಕೊಡುವ ಕೆಲಸ ನಡೆಸಿಕೊಂಡು ಬಂದಿದೆ. ಇಂಥ ತುರ್ತು ಪರಿಹಾರದ ತಂತ್ರ ಸರಳ. ಮೊದಲ ಎರಡು ದಿನದಲ್ಲಿ ಯಾರಾದರೂ ಮನೆಗೆ ಬಂದರೆ, ಕೈಗೆ ಸ್ವಲ್ಪ ದುಡ್ಡು ಬಂದರೆ, ಸತ್ತ ದನದ ಮೈಗೆ ಔಷಧಿ ಹಾಕುವ ಯೋಚನೆ ಹಿಂದೆ ಸರಿಯುತ್ತದೆ. ಆರು ತಿಂಗಳ ನಂತರ ಅದರ ಎರಡರಷ್ಟು ಬಂದರೂ ಆ ಹುಲಿಗೆ ಉಪಯೋಗ ಇಲ್ಲ. ವನ್ಯಜೀವಿ ಅಧ್ಯಯನ ಕೇಂದ್ರ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತ ಶುರು ಮಾಡಿದ 'ವೈಲ್ಡ್ ಸೇವೆ' ಇನ್ನೊಂದು ದಾರಿ ಹಿಡಿಯಿತು. ಅವರು ಹಣ ಕೊಡುವುದಿಲ್ಲ. ಉಚಿತ ಸಂಖ್ಯೆಗೆ ಫೋನ್ ಮಾಡಿದರೆ ಅವರ ಜನ ಹೊಲಕ್ಕೆ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಅರ್ಜಿ ಬರೆದು ಸರ್ಕಾರಕ್ಕೆ ಸಲ್ಲಿಸಲು ನೆರವಾಗುತ್ತಾರೆ. ಕೇಳಲು ದೊಡ್ಡ ಕೆಲಸ ಅನ್ನಿಸುವುದಿಲ್ಲ, ಅಲ್ವಾ? ಆದರೆ ಆಫೀಸಿಗೆ ಅಲೆಯಲು ಒಂದು ದಿನದ ಕೂಲಿ, ಬಸ್ ಚಾರ್ಜು, ಜೆರಾಕ್ಸ್ ದುಡ್ಡು ಲೆಕ್ಕ ಹಾಕಿ 'ಬೇಡ ಬಿಡು' ಎನ್ನುವ ಮನೆಗಳಿಗೆ ಇದು ದೊಡ್ಡದೇ.

ಗ್ಯಾಸಿನ ಕಥೆಯೂ ಹೀಗೇ. ಎರಡು ಸಾವಿರದ ದಶಕದ ಶುರುವಿನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಜೋಡಿ ಮತ್ತು ಗೆಳೆಯರು ಬಂಡೀಪುರದ ಸುತ್ತ 'ನಮ್ಮ ಸಂಘ' ಕಟ್ಟಿ ಹಳ್ಳಿ ಮನೆಗಳಿಗೆ ಅಡುಗೆ ಗ್ಯಾಸ್ ತಲುಪಿಸಲು ಹೊರಟರು. ಉಜ್ವಲ ಯೋಜನೆ ಬಂದದ್ದು 2016ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚಿನ ಮಾತಿದು. ಸೌದೆಗೆ ಕಾಡಿಗೆ ಹೋಗುವುದು ಹೆಂಗಸರು. ಆನೆ ಎದುರಾಗುವುದು ಅವರಿಗೇ. ಗ್ಯಾಸ್ ಬಂದರೆ ಉಳಿಯುವುದು ಅವರ ಸಮಯ, ಬೆನ್ನು, ಜೀವ. ಕಾಡಿಗಾಗುವ ಲಾಭ ಆಮೇಲಿನದು. ಇಲ್ಲಿ ನಷ್ಟ ಅನುಭವಿಸುವವರೂ ಲಾಭ ಪಡೆಯುವವರೂ ಒಬ್ಬರೇ. ಜನ ಒಪ್ಪಿಕೊಂಡದ್ದು ಅದಕ್ಕೇ. ಮರು ತುಂಬಿಸುವ ಸಿಲಿಂಡರ್ ಬೆಲೆ ಏರಿದಾಗ ಮತ್ತೆ ಒಲೆಗೆ ಸೌದೆ ಬರುತ್ತದೆ ಎನ್ನುವುದು ಬೇರೆ ಮಾತು. ಕೊಟ್ಟ ವರ್ಷ ಫೋಟೊ ತೆಗೆದವರು ಆ ವರ್ಷ ಬರುವುದಿಲ್ಲ.

ಇದಕ್ಕೆಲ್ಲ ಮುಂಚೆಯೇ ದೊಡ್ಡ ಮಟ್ಟದಲ್ಲಿ ಒಂದು ಪ್ರಯೋಗ ಆಗಿತ್ತು. 1996ರಿಂದ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ಹಣದಲ್ಲಿ ದೇಶದ ಏಳು ಕಾಡುಗಳ ಸುತ್ತ ಪರಿಸರ ಅಭಿವೃದ್ಧಿ ಯೋಜನೆ ನಡೆಯಿತು. ನಾಗರಹೊಳೆಯೂ ಇತ್ತು, ಕೇರಳದ ಪೆರಿಯಾರ್ ಕೂಡ ಇತ್ತು. ಒಂದೇ ಯೋಜನೆ, ಒಂದೇ ನಿಯಮ. ಹಳ್ಳಿಯಲ್ಲಿ ಸಮಿತಿ ಮಾಡಿ, ಜನರಿಗೆ ಬೇರೆ ಜೀವನೋಪಾಯ ಕೊಡಿ, ಬದಲಿಗೆ ಅವರು ಕಾಡಿನ ಬಳಕೆ ಕಡಿಮೆ ಮಾಡಲಿ. ಎರಡು ಕಡೆ ಎರಡು ಫಲ ಬಂತು.

ಪೆರಿಯಾರ್‌ನಲ್ಲಿ ಕಾಡು ದಾಲ್ಚಿನ್ನಿ ತೊಗಟೆ ಕದ್ದು ಮಾರುತ್ತಿದ್ದವರನ್ನೇ ಕರೆದು ಸಮಿತಿ ಮಾಡಿದರು. ಅವರೇ ಪ್ರವಾಸಿಗಳ ಮಾರ್ಗದರ್ಶಕರಾದರು, ಗಸ್ತು ತಿರುಗಿದರು. ಕಾಡಿನ ದಾರಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ವಸಂತಸೇನೆ' ಎಂಬ ಹೆಂಗಸರ ಗಸ್ತು ತಂಡವೂ ಹುಟ್ಟಿತು. ಯೋಜನೆ ಮುಗಿದು ವಿಶ್ವಬ್ಯಾಂಕ್ ಹೊರಟ ಮೇಲೂ 2004ರಲ್ಲಿ ಪೆರಿಯಾರ್ ಪ್ರತಿಷ್ಠಾನ ಮಾಡಿಕೊಂಡು ಹಣದ ದಾರಿ ಉಳಿಸಿಕೊಂಡರು. ಮುಖ್ಯ ಸಂಗತಿ ಎಂದರೆ ಕಾಡಿನಿಂದ ದುಡಿಮೆ ಕಳೆದುಕೊಂಡವರಿಗೇ ಕಾಡಿನ ಹೊಸ ದುಡಿಮೆ ಸಿಕ್ಕಿತು.

ನಾಗರಹೊಳೆಯಲ್ಲಿ ಆದದ್ದೇ ಬೇರೆ. ಒಳಗೆ ಹಾಡಿಗಳಲ್ಲಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮನ್ನು ಹೊರಗೆ ಕಳುಹಿಸಲು ಇದೊಂದು ದಾರಿ ಎಂದೇ ಯೋಜನೆಯನ್ನು ಕಂಡರು. ಅದೇ ಕಾಲಕ್ಕೆ ಕಾಡಿನೊಳಗೆ ಖಾಸಗಿ ಹೋಟೆಲೊಂದಕ್ಕೆ ಗುತ್ತಿಗೆ ಕೊಡಲಾಗಿತ್ತು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ನಮ್ಮನ್ನು ಹೊರಗೆ ಹಾಕಿ ಹೋಟೆಲ್ ಒಳಗೆ ಬಿಡುತ್ತೀರಾ ಎಂಬ ಪ್ರಶ್ನೆಗೆ ಕುರಿ ಸಾಕಣೆ ಸಾಲ ಉತ್ತರ ಆಗುವುದಿಲ್ಲ. ಆ ಗಾಯ ಇನ್ನೂ ಮಾಗಿಲ್ಲ. 2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಹೋಗಿ, ಇದು ನಮ್ಮ ಹಿರಿಯರ ಜಾಗ ಎಂದು ಗುಡಿಸಲು ಹಾಕಲು ಶುರು ಮಾಡಿದವು. ಹೊರಗೆ ಬಂದವರಿಗೆ ಕೊಡುವ ಮೊತ್ತವನ್ನು ಸರ್ಕಾರ ಕುಟುಂಬಕ್ಕೆ 10 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿದೆ. ಹೊರಗೆ ಚೆನ್ನಾಗಿ ಬದುಕು ಕಟ್ಟಿಕೊಂಡವರೂ ಇದ್ದಾರೆ, ಸ್ವಂತ ಇಷ್ಟದಿಂದ ಹೊರಬಂದವರೂ ಇದ್ದಾರೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಮೊದಲು ಹಕ್ಕು ಗುರುತಿಸಬೇಕು, ಆಮೇಲೆ ಒಪ್ಪಿಗೆ ಕೇಳಬೇಕು. ಈ ಕ್ರಮ ತಲೆಕೆಳಗಾದ ಕಡೆಯೆಲ್ಲ ಯಾವ ಕಲ್ಯಾಣ ಕೆಲಸಕ್ಕೂ ಜನ ಅನುಮಾನದಿಂದಲೇ ಬಾಗಿಲು ತೆಗೆಯುತ್ತಾರೆ.

ಬಿಳಿಗಿರಿರಂಗನಬೆಟ್ಟದಲ್ಲಿ ಕ್ರಮ ಸ್ವಲ್ಪ ಸರಿಯಾಗಿ ನಡೆದಿದೆ ಎನ್ನಬಹುದು. ಅದೂ ಸುಲಭಕ್ಕೆ ಅಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ದು ಚಿಕಿತ್ಸೆ ಕೊಡಲು. ಆಮೇಲೆ ಶಾಲೆ ಬಂತು. ಶಾಲೆಯಿಂದ ಆ ಬೆಟ್ಟದ ಆದಿವಾಸಿಗಳಾದ ಸೋಲಿಗರಲ್ಲಿ ಓದಿದವರು ಬಂದರು. ಸೋಲಿಗರದೇ ಸಂಘ ಬಂತು. 2004ರ ಸುಮಾರಿಗೆ ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಕ್ಕೆ ನಿಷೇಧ ಬಿದ್ದು ಪೋಡುಗಳ, ಅಂದರೆ ಸೋಲಿಗರ ಊರುಗಳ, ಆದಾಯ ನಿಂತಾಗ ಕಾನೂನಿನ ಭಾಷೆಯಲ್ಲಿ ಮಾತಾಡಲು ಅವರ ನಡುವೆಯೇ ಜನ ಇದ್ದರು. 2011ರ ಶುರುವಿಗೆ ಆ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಸೋಲಿಗರೂ ಅಲ್ಲೇ ಇದ್ದಾರೆ, ಹುಲಿಗಳೂ ಅಲ್ಲೇ ಇವೆ.

ಎಲ್ಲ ಸರಿಹೋಗಿದೆ ಎಂದಲ್ಲ. ಲಂಟಾನ ಎಂಬ ಕಳೆ ಕಾಡನ್ನು ಮುಚ್ಚಿಬಿಟ್ಟಿದೆ. ಹಿಂದೆ ನಾವು ಬೇಸಿಗೆ ಶುರುವಿಗೆ ತರಗು ಬೆಂಕಿ ಹಾಕುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು ಎನ್ನುತ್ತಾರೆ ಸೋಲಿಗರು. ಇಲಾಖೆ ಬೆಂಕಿ ಎಂದರೆ ಬೆಚ್ಚುತ್ತದೆ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ನೋಡಿದವರಿಗೆ ಆ ಭಯ ಅರ್ಥವಾಗುತ್ತದೆ. ಹಕ್ಕುಪತ್ರ ಇದೆ, ಕಾಡು ನಿರ್ವಹಣೆಯ ತೀರ್ಮಾನದಲ್ಲಿ ಗ್ರಾಮಸಭೆಯ ಮಾತು ನಡೆಯುತ್ತದೆಯೇ ಎಂದರೆ ಉತ್ತರ ಇನ್ನೂ ಎಳೆದಾಟದಲ್ಲೇ ಇದೆ. ಆದರೂ ಇಲ್ಲಿ ಒಂದು ವಿಷಯ ನನಗೆ ಮುಖ್ಯ. ಆಸ್ಪತ್ರೆಯಿಂದ ಶುರುವಾದ ಕೆಲಸ ಜನರನ್ನು ಎದುರು ಕೂತು ಕೇಳುವವರನ್ನಾಗಿ ಮಾಡಿತು. ಎಚ್.ಡಿ. ಕೋಟೆ ಕಡೆ 1984ರಿಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸಿದ ಆಸ್ಪತ್ರೆ, ಹೊಸಹಳ್ಳಿಯ ಆದಿವಾಸಿ ಶಾಲೆಗಳನ್ನೂ ಈ ಸಾಲಿಗೇ ಸೇರಿಸಬಹುದು. ಕಂಬಳಿ ಹಂಚಿ ಹೋಗುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಇದೆ.

ಸಮುದಾಯ ಸಂರಕ್ಷಣೆ ಎಂದ ಕೂಡಲೇ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ಎಲ್ಲರೂ ನೆನೆಯುತ್ತಾರೆ. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜನ ಅವನ್ನು ಮನೆ ಮಕ್ಕಳಂತೆ ನೋಡುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಒಳ್ಳೆಯ ಉದಾಹರಣೆಯೇ. ಆದರೆ ಇದನ್ನು ಆನೆ ಸೀಮೆಯ ಜನರ ಮುಂದೆ ಹಿಡಿದು 'ನೋಡಿ ಕಲಿಯಿರಿ' ಎನ್ನುವುದು ನ್ಯಾಯ ಅಲ್ಲ. ಹೆಜ್ಜಾರ್ಲೆ ಯಾರ ಮನೆ ಬಾಗಿಲನ್ನೂ ಮುರಿಯುವುದಿಲ್ಲ. ಅಲ್ಲೂ ಹಕ್ಕಿ ಕೂತ ಮರದ ಹುಣಸೆ ಫಸಲು ಹೋಗುತ್ತದೆ ಎಂದು ಮರದ ಮಾಲೀಕರಿಗೆ ಹಣ ಕೊಡುವ ಏರ್ಪಾಡು ಮಾಡಬೇಕಾಯಿತು. ಅಲ್ಲೂ ನಷ್ಟ ಒಂದು ಮನೆಯದೇ.

2023ರ ಎಣಿಕೆ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳು. 2022ರ ಅಂದಾಜಿನಲ್ಲಿ 563 ಹುಲಿಗಳು. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಗಿತ್ತು. ಅಲ್ಲಿಂದ ಇಲ್ಲಿಯವರೆಗಿನ ಸಂರಕ್ಷಣೆ ಗೆದ್ದಿದೆ. ಈಗಿನ ತಿಕ್ಕಾಟದಲ್ಲಿ ಒಂದು ಪಾಲು ಆ ಗೆಲುವಿನದೇ. ವಯಸ್ಸಾದ, ಗಾಯಗೊಂಡ ಹುಲಿಗಳು, ಜಾಗ ಹುಡುಕುವ ಹರೆಯದ ಹುಲಿಗಳು ಅಂಚಿಗೆ ಬರುತ್ತವೆ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆಗೋಡೆಗಳು ಆನೆಗೆ ಒಂದಿಷ್ಟು ಅಡ್ಡಿ ಮಾಡುತ್ತವೆ, ಹುಲಿಗೆ ಅವು ಲೆಕ್ಕಕ್ಕಿಲ್ಲ.

2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತರು. ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಸಿಬ್ಬಂದಿಯನ್ನು ಹುಲಿ ಹುಡುಕಲು ಹಚ್ಚಿತು. ಸಫಾರಿ ಜೀಪಿನ ಗಲಾಟೆಗೇ ಹುಲಿ ಹೊರಬರುತ್ತದೆ ಎಂಬುದು ಹಲವು ರೈತರ ನಂಬಿಕೆ. ಅದಕ್ಕೆ ಗಟ್ಟಿ ಆಧಾರ ನನಗೆ ಕಾಣುವುದಿಲ್ಲ. ಆದರೆ ಆ ಮಾತಿನ ಹಿಂದಿನ ಸಿಟ್ಟು ಸುಳ್ಳಲ್ಲ. ಹುಲಿ ನೋಡಲು ದುಡ್ಡು ಕೊಟ್ಟು ಬರುವವರು ಇದ್ದಾರೆ, ಆ ದುಡ್ಡು ಎಲ್ಲೋ ಹೋಗುತ್ತದೆ, ಹುಲಿ ಮಾತ್ರ ನಮ್ಮ ಹೊಲಕ್ಕೆ ಬರುತ್ತದೆ ಎನ್ನುವುದು ಅವರ ಲೆಕ್ಕ. ಸಫಾರಿ ನಿಂತಾಗ ಕೆಲಸ ಕಳೆದುಕೊಂಡ ಚಾಲಕರು, ರೆಸಾರ್ಟ್ ಸಿಬ್ಬಂದಿ ಕೂಡ ಅದೇ ಸುತ್ತಮುತ್ತಲ ಊರಿನವರು. ಊರು ಎರಡು ಪಾಲಾಗಿ ನಿಂತಿತು.

ವನ್ಯಜೀವಿ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿ ಪ್ರಕಾರ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ. ಪ್ರವಾಸೋದ್ಯಮದ ಹಣ ಅಲ್ಲಿಗೆ ಬರಬಹುದು, ಸುತ್ತಲಿನ ಜನರಿಗೂ ಖರ್ಚಾಗಬಹುದು. ಆದರೆ ಹಳ್ಳಿಗೆ ಇಂತಿಷ್ಟು ಪಾಲು ಎಂದು ಕಾಯ್ದೆಯಲ್ಲಿ ಬರೆದಿಲ್ಲ. ನೇಪಾಳದಲ್ಲಿ ಬರೆದಿದ್ದಾರೆ. 1990ರ ದಶಕದಿಂದಲೇ ಅಲ್ಲಿ ರಾಷ್ಟ್ರೀಯ ಉದ್ಯಾನದ ಆದಾಯದಲ್ಲಿ 30ರಿಂದ 50 ಶೇಕಡಾ ಅಂಚಿನ ಹಳ್ಳಿಗಳ ಸಮಿತಿಗಳಿಗೆ ಹೋಗಬೇಕು. ಅಲ್ಲೂ ಸಮಿತಿಯಲ್ಲಿ ಊರಿನ ಬಲಾಢ್ಯರೇ ಕೂತು ರಸ್ತೆ, ಕಟ್ಟಡಕ್ಕೆ ಹಣ ಹಾಕುತ್ತಾರೆ ಎಂಬ ದೂರು ಇದೆ. ಪಾಲು ನಿಗದಿ ಮಾಡಿದ ಮಾತ್ರಕ್ಕೆ ಅದು ಅಂಚಿನ ಮನೆಗೆ ಸೇರುತ್ತದೆ ಎಂದೇನಿಲ್ಲ. ಆದರೆ ನಿಗದಿ ಮಾಡಿದರೆ ಕೇಳಲು ಒಂದು ಅಂಕಿ ಇರುತ್ತದೆ.

ಹೂಗ್ಯಂ ಹುಲಿಗಳ ಸಾವಿನ ನಂತರ ಇನ್ನೊಂದು ಸಂಗತಿ ಹೊರಬಿತ್ತು. ಆ ಕಾಡಿನಲ್ಲಿ ಗಸ್ತು ತಿರುಗುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಹುಲಿಗಳು ಸಾಯುವ ಸ್ವಲ್ಪ ಮುಂಚೆಯೇ ಅವರು ಪ್ರತಿಭಟನೆ ಮಾಡಿದ್ದರು. ಈ ವಾಚರ್‌ಗಳು ಯಾರು? ಬಹುಪಾಲು ಅದೇ ಅಂಚಿನ ಊರು, ಪೋಡು, ಹಾಡಿಗಳ ಹುಡುಗರು. ಹಳ್ಳಿ ಕಲ್ಯಾಣ ಎಂದರೆ ಹೊಸದಾಗಿ ಏನಾದರೂ ಕೊಡುವುದು ಎಂದೇ ನಾವು ಯೋಚಿಸುತ್ತೇವೆ. ಆ ಊರುಗಳಿಗೆ ಕಾಡಿನಿಂದ ಈಗಾಗಲೇ ಹೋಗುತ್ತಿರುವ ದುಡ್ಡಿನಲ್ಲಿ ಮುಖ್ಯವಾದದ್ದು ಈ ಕೂಲಿ. ಅದನ್ನು ತಿಂಗಳ ಮೊದಲ ವಾರ ಬ್ಯಾಂಕ್ ಖಾತೆಗೆ ಹಾಕಲು ಯಾವ ದಾನಿಯೂ ಬೇಕಿಲ್ಲ, ಯಾವ ಹೊಸ ಯೋಜನೆಯೂ ಬೇಕಿಲ್ಲ.